ಅಜ್ಜಿ ಮನೆಯ ಟೀಪಾಯಿ ಹೊಸ ಸೋಫಾ ಪಕ್ಕ ಹೊಂದುತ್ತಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೊಸ ಮನೆಗೆ ಬಂದಿದ್ದೇವೆ. ಹಾಲ್‌ಗೆ ಬೂದು ಬಣ್ಣದ ಸೋಫಾ ತಂದಾಯ್ತು. ಮೂಡಿಗೆರೆ ಕಡೆಯ ಅಜ್ಜಿ ಮನೆಯ ಅಟ್ಟದಲ್ಲಿ ಹಳೇ ಬೀಟೆ ಟೀಪಾಯಿ ಒಂದಿದೆ. ಅದನ್ನೇ ಸೋಫಾ ಪಕ್ಕ ಇಡಬಹುದಾ? ಇಲ್ಲ, ಎರಡೂ ಕಡೆಗೆ ಹೊಸ ಜೋಡಿ ತರುವುದೇ ಒಳ್ಳೆಯದಾ?

ಉತ್ತರ: ಮೊದಲು ಅಟ್ಟ ಹತ್ತಿ. ಅಂಗಡಿಗೆ ಆಮೇಲೆ ಹೋದರಾಯ್ತು.

ಈ ಪ್ರಶ್ನೆ ಕೇಳುವವರೆಲ್ಲ ಬಣ್ಣದ ಬಗ್ಗೆಯೇ ಚಿಂತೆ ಮಾಡುತ್ತಾರೆ. ಕಪ್ಪು ಬೀಟೆ, ಬೂದು ಸೋಫಾ, ಹೊಂದುತ್ತದೋ ಇಲ್ಲವೋ ಅಂತ. ಹೊಂದುತ್ತದೆ, ಆ ಚಿಂತೆ ಬಿಡಿ. ನಮ್ಮ ಕಡೆ ನೋಡಬೇಕಾದದ್ದು ಎರಡು: ಎತ್ತರ ಮತ್ತು ಮಳೆ.

ಎತ್ತರದ ಮಾತು ಬೇಗ ಮುಗಿಯುತ್ತದೆ. ಸೋಫಾದ ಕೈ ನೆಲದಿಂದ ಎಷ್ಟು ಇಂಚು ಇದೆ ಅಳೆಯಿರಿ. ಸಾಮಾನ್ಯವಾಗಿ 22ರಿಂದ 26 ಇಂಚಿನೊಳಗೆ ಇರುತ್ತದೆ. ಪಕ್ಕದ ಮೇಜು ಅಷ್ಟೇ ಎತ್ತರ ಇರಬೇಕು, ಇಲ್ಲವೇ ಒಂದೆರಡು ಇಂಚು ಕಡಿಮೆ. ಜಾಸ್ತಿ ಆದರೆ ಮೊಣಕೈ ತಾಗಿ ಕಾಫಿ ಲೋಟ ಚೆಲ್ಲುತ್ತದೆ. ತೀರಾ ಕಡಿಮೆ ಆದರೆ ಪ್ರತಿ ಸಲ ಬಗ್ಗಬೇಕು, ವಯಸ್ಸಾದವರಿಗೆ ಅದು ಕಷ್ಟ. ಮೇಜಿನ ಉದ್ದ ಸೋಫಾದ ಆಳಕ್ಕಿಂತ ಮುಂದೆ ಬರಬಾರದು, ಓಡಾಡುವಾಗ ಮಂಡಿಗೆ ಬಡಿಯುತ್ತದೆ. ನಿಮ್ಮ ಟೀಪಾಯಿ ಎರಡು ಮೂರು ಇಂಚು ಗಿಡ್ಡ ಇದ್ದರೆ ಆಚಾರಿ ಹತ್ತಿರ ಕಾಲಿನ ಅಡಿಗೆ ಮರದ ಬಿಲ್ಲೆ ಹಾಕಿಸಬಹುದು. ಎತ್ತರ ಜಾಸ್ತಿ ಇದ್ದರೆ ಮಾತ್ರ ದಯವಿಟ್ಟು ಕಾಲು ಕೊಯ್ಯಿಸಬೇಡಿ. ಅದನ್ನು ಬೇರೆ ಕುರ್ಚಿಯ ಪಕ್ಕ ಇಡಿ. ಹಳೇ ಟೀಪಾಯಿಯ ಕಾಲನ್ನು ತಿರುಗಣೆಯಲ್ಲಿ ಕಡೆದಿರುತ್ತಾರೆ. ಬೇಲೂರು ದೇವಸ್ಥಾನದ ಕಂಬಗಳಲ್ಲಿ ಬಳೆ ಬಳೆಯಾಗಿ ಸುತ್ತು ಬಂದಿರುತ್ತದಲ್ಲ, ಆ ಥರ. ಅಡಿಯಿಂದ ಎರಡು ಇಂಚು ಕೊಯ್ದರೆ ಆ ಅಳತೆ ಕೆಟ್ಟು ಹೋಗುತ್ತದೆ.

(ಅಂದ ಹಾಗೆ, ಟೀಪಾಯಿಗೂ ನಾವು ಕುಡಿಯುವ ಟೀಗೂ ಸಂಬಂಧ ಇಲ್ಲ. ಮೂರು ಕಾಲಿನದು ಅನ್ನುವ ಹಿಂದಿಯ ತಿಪಾಯಿ ನಮ್ಮ ಬಾಯಲ್ಲಿ ಟೀಪಾಯಿ ಆಗಿದೆ. ಕಾಫಿ ನಾಡಿನವರು ಅದರ ಮೇಲೆ ಕಾಫಿಯನ್ನೇ ಇಡಬಹುದು.)

ಇನ್ನು ಮಳೆ. ಮರ ಗಾಳಿಯ ತೇವ ಹೀರಿ ಅಗಲವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಆಗುವುದಿಲ್ಲ, ಆಗುವುದೆಲ್ಲ ಅಗಲದಲ್ಲಿ. ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಜುಲೈ ತಿಂಗಳಲ್ಲಿ ಬೀರುವಿನ ಬಾಗಿಲು ಬಿಗಿಯುವುದು ಇದಕ್ಕೇ. ನಿಮ್ಮ ಟೀಪಾಯಿಯ ಹಲಗೆ ಎರಡು ತುಂಡು ಕೂಡಿಸಿದ್ದಾಗಿದ್ದರೆ ಮಾರ್ಚ್‌ನಲ್ಲಿ ನಡುವೆ ಒಂದು ಗೆರೆ ಬಿಟ್ಟುಕೊಳ್ಳುತ್ತದೆ. ಹೆದರಬೇಡಿ, ಅದಕ್ಕೆ ಎಂ-ಸೀಲ್ ತುಂಬಲೂ ಬೇಡಿ. ಮಳೆ ಹಿಡಿದಾಗ ಹಲಗೆ ಮತ್ತೆ ಹಿಗ್ಗುತ್ತದೆ. ಜಾಗ ತುಂಬಿ ಬಿಟ್ಟಿದ್ದರೆ ಹಿಗ್ಗಲು ದಾರಿ ಇಲ್ಲದೆ ಬೇರೆ ಕಡೆ ಸೀಳುತ್ತದೆ. ಮಲೆನಾಡಿನ ಮೇಜನ್ನು ಕಡೂರು, ಅರಸೀಕೆರೆಯಂಥ ಒಣ ಊರಿಗೆ ಒಯ್ಯುವವರೂ ಇದನ್ನು ನೆನಪಿಡಬೇಕು. ಬಿಸಿಲು ಬೀಳುವ ಕಿಟಕಿ ಪಕ್ಕ ಇಡದೆ, ನಿಧಾನವಾಗಿ ಅಲ್ಲಿಯ ಹವೆಗೆ ಒಗ್ಗಲು ಬಿಡಿ.

ಅಟ್ಟದಿಂದ ಇಳಿಸಿದ ಕೂಡಲೇ ತಲೆಕೆಳಗು ಮಾಡಿ ನೋಡಿ. ಹಳೇ ಸಾಮಾನಿನ ನಿಜ ಇರುವುದು ಅಡಿಯಲ್ಲಿ. ಕಾಲು ಮತ್ತು ಪಟ್ಟಿ ಸೇರುವ ಕಡೆ ಒಂದರ ತೂತಿಗೆ ಇನ್ನೊಂದರ ನಾಲಿಗೆ, ಅಂದರೆ ಚಾಚಿದ ತುದಿ, ಕೂರಿಸಿ, ಮರದ ಅಥವಾ ಬಿದಿರಿನ ಮೊಳೆ ಹೊಡೆದಿದ್ದರೆ ಒಳ್ಳೆಯ ಕೆಲಸ. ಅಲುಗಾಡಿದರೂ ಪರವಾಗಿಲ್ಲ, ಬಿಚ್ಚಿ ಗೋಂದು ಹಾಕಿ ಮತ್ತೆ ಕೂಡಿಸಬಹುದು. ಆಮೇಲೆ ಸಣ್ಣ ಸಣ್ಣ ತೂತು ಹುಡುಕಿ. ತೂತು ಇದೆ ಅಂದ ಮಾತ್ರಕ್ಕೆ ಹುಳ ಇದೆ ಅಂತಲ್ಲ. ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸದಾಗಿ ಹಿಟ್ಟು ಉದುರಿದ್ದರೆ ಕುಟ್ಟೆ ಇನ್ನೂ ಜೀವಂತ ಇದೆ ಅಂತ ಅರ್ಥ. ಅಂಥದ್ದನ್ನು ಔಷಧಿ ಹಾಕದೆ ಮನೆಯೊಳಗೆ ತರಬೇಡಿ. ಬೀಟೆಯ ಕಪ್ಪು ಕೆಚ್ಚಿಗೆ ಹುಳ ಬೀಳುವುದು ತೀರಾ ಅಪರೂಪ. ಅಂಚಿನ ಬಿಳಿ ಭಾಗವನ್ನೇ ಅದು ತಿನ್ನುವುದು. ಹಾಗಾಗಿ ಬಿಳಿ ಪಟ್ಟಿ ಇರುವ ಕಡೆ ಜಾಸ್ತಿ ಕಣ್ಣಿಡಿ.

ಮೇಲೆ ಬಿಳಿ ಬಳೆಯಂಥ ಗುರುತು ಇರಬಹುದು. ಬಿಸಿ ಲೋಟ ಇಟ್ಟು ಆದದ್ದು. ಹಳೇ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ತಿಕ್ಕಿದ ಫ್ರೆಂಚ್ ಪಾಲಿಶ್. ಅದಕ್ಕೆ ಬಿಸಿ, ನೀರು ಎರಡೂ ಆಗುವುದಿಲ್ಲ. ಆದರೆ ಸ್ಪಿರಿಟ್‌ಗೆ ಮತ್ತೆ ಕರಗುವುದರಿಂದ ರಿಪೇರಿ ಸುಲಭ. ಗೊತ್ತಿರುವ ಪಾಲಿಶ್‌ನವರು ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿಯೇ ಆ ಗುರುತು ತೆಗೆಯುತ್ತಾರೆ. ಮೆಷಿನ್ ಹಾಕಿ ಉಜ್ಜಿ, ಮೇಲೆ ಹೊಳೆಯುವ ಪಿಯು (ಪಾಲಿಯುರೆಥೇನ್ ಪಾಲಿಶ್) ಬಳಿಯಲು ಒಪ್ಪಬೇಡಿ. ಎಷ್ಟೋ ವರ್ಷದ ಕೈ ಸವೆತದಿಂದ ಬಂದ ಬಣ್ಣ ಒಂದೇ ದಿನದಲ್ಲಿ ಹೋಗಿಬಿಡುತ್ತದೆ. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹೊಸ ಬೀಟೆ ಸಾಮಾನು ಮಾಡಿಸುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಕೈಯಲ್ಲಿ ಇರುವುದನ್ನು ಉಳಿಸಿಕೊಳ್ಳಿ.

ಈಗ ಹೊಸದರ ಮಾತು. ನಾನು ಮೊದಲ ಸಲ ಮನೆ ಮಾಡಿದಾಗ ನೋಡಲು ಚೆಂದ ಅಂತ ಪಾರ್ಟಿಕಲ್ ಬೋರ್ಡಿನ ಜೋಡಿ ಮೇಜು ತಂದಿದ್ದೆ. ನೆಲ ಒರೆಸಿದ ನೀರು, ಮಳೆಗಾಲದ ಥಂಡಿ, ಎರಡೂ ಸೇರಿ ಆಗಸ್ಟ್ ಹೊತ್ತಿಗೆ ಕಾಲಿನ ಬುಡ ನೆನೆದ ರಸ್ಕಿನ ಹಾಗೆ ಉಬ್ಬಿತ್ತು. ಒಮ್ಮೆ ಉಬ್ಬಿದರೆ ಅದು ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಮರದ ನಾರನ್ನು ಒತ್ತಿ ಮಾಡುವ ಸಾಮಾನ್ಯ ಎಂಡಿಎಫ್ ಹಲಗೆಯ ಕತೆಯೂ ಹೆಚ್ಚುಕಡಿಮೆ ಇದೇ. ಪ್ಲೈವುಡ್‌ನಲ್ಲೇ ಮಾಡಿಸುವುದಾದರೆ ಐಎಸ್ 710 ಗುರುತಿರುವುದನ್ನು, ಅಂದರೆ ನೀರು ತಡೆಯುವ ಮೆರೈನ್ ಪ್ಲೈವುಡ್ ಅನ್ನು, ಕೇಳಿ, ಅಂಚಿಗೆ ಸರಿಯಾಗಿ ಪಟ್ಟಿ ಹೊಡೆಸಿ.

ನನ್ನನ್ನು ಕೇಳಿದರೆ ಹೊಸದಕ್ಕೆ ನಮ್ಮ ತೋಟದ ಸಿಲ್ವರ್ ಓಕ್ ಚೆನ್ನ. ನೆರಳಿಗೆ ಅಂತ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸುವ ಆ ಮರವನ್ನು ನಾವು ಪ್ಯಾಕಿಂಗ್ ಪೆಟ್ಟಿಗೆಗೆ ಸಾಕು ಅಂತ ಸುಮ್ನೆ ಕಡೆಗಣಿಸಿದ್ದೇವೆ. ಸರಿಯಾಗಿ ಕೊಯ್ದರೆ ಅದರ ಹಲಗೆ ಮೇಲೆ ಮಿಂಚುವ ಚುಕ್ಕೆ ಚುಕ್ಕೆ ನೋಡಬೇಕು, ಅಷ್ಟು ಚೆಂದ! ತೂಕವೂ ಕಡಿಮೆ. ಚೆನ್ನಾಗಿ ಒಣಗಿಸಿ, ಪಾಲಿಶ್‌ಗೆ ಮೊದಲೇ ಹುಳದ ಔಷಧಿ ಹಾಕಿಸಬೇಕು, ಅಷ್ಟೇ.

ಕಾಫಿ ಬೇರಿನ ಟೀಪಾಯಿಯನ್ನೂ ಎಷ್ಟೋ ಜನ ಕೇಳುತ್ತಾರೆ. ಹಳೇ ಗಿಡ ಕಿತ್ತಾಗ ಸಿಗುವ ಬುಡವನ್ನು ತಿರುಗಿಸಿ ನಿಲ್ಲಿಸಿ, ಮೇಲೆ ಗಾಜು ಇಡುತ್ತಾರೆ. ಗಟ್ಟಿ ಮರ, ಬಾಳಿಕೆ ಬರುತ್ತದೆ. ಸಿಪ್ಪೆ ಪೂರ್ತಿ ತೆಗೆದಿರಬೇಕು, ಯಾಕೆಂದರೆ ಹುಳ ಅಡಗುವುದು ಸಿಪ್ಪೆಯ ಅಡಿಯಲ್ಲೇ. ಗಾಜು ಟಫನ್ಡ್ ಆಗಿರಲಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಸದ್ಯಕ್ಕೆ ಬೇಡ.

ನಿಮ್ಮ ಹಾಲ್‌ಗೆ ನಾನು ಹೇಳುವುದು ಹೀಗೆ. ಒಂದು ಕಡೆ ಅಜ್ಜಿಯ ಟೀಪಾಯಿ. ಇನ್ನೊಂದು ಕಡೆ ಸಣ್ಣ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಪೌಡರ್ ಕೋಟಿಂಗ್ ಹಾಕಿಸಿ, ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಕಪ್ಪು ಗ್ರಾನೈಟ್ ತುಂಡು ಮೇಲೆ ಕೂರಿಸಿ. ಬಿಸಿ ಲೋಟ, ಮೊಬೈಲ್ ಚಾರ್ಜರ್ ಎಲ್ಲ ಆ ಕಡೆ. ಪೇಪರ್, ಕನ್ನಡಕ, ಎಲೆಅಡಿಕೆ ತಟ್ಟೆ ಟೀಪಾಯಿ ಮೇಲೆ. ಎರಡೂ ಒಂದೇ ಥರ ಇರಬೇಕಿಲ್ಲ. ಎತ್ತರ ಒಂದೇ ಇದ್ದರೆ ಸಾಕು, ಕಣ್ಣು ಜೋಡಿ ಅಂತ ಒಪ್ಪಿಕೊಳ್ಳುತ್ತದೆ. ಬೀಟೆಯ ಕಪ್ಪೂ ಗ್ರಾನೈಟ್‌ನ ಕಪ್ಪೂ ಹೇಗೂ ಮಾತಾಡಿಕೊಳ್ಳುತ್ತವೆ.

ಟೀಪಾಯಿಯನ್ನು ಹೊರಗೋಡೆಯಿಂದ ಎರಡು ಇಂಚು ಈಚೆಗೆ ಇಡಿ. ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಬೇಡಿ, ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕಾಲಿಗೆ ಬಟ್ಟೆಯ ಪ್ಯಾಡ್ ಬದಲು ನೈಲಾನ್ ಬುಷ್ ಹಾಕಿಸಿ, ನೆಲ ಒರೆಸಿದ ನೀರು ಮರಕ್ಕೆ ಏರುವುದಿಲ್ಲ. ಅಟ್ಟದಿಂದ ಇಳಿಸುವುದು, ಹುಳ ನೋಡುವುದು, ಕೂಡಿಕೆ ಬಿಗಿ ಮಾಡಿಸುವುದು ಎಲ್ಲ ಈಗಲೇ ಆಗಲಿ. ಪಾಲಿಶ್ ಮಾತ್ರ ಡಿಸೆಂಬರ್‌ವರೆಗೆ ತಡೆಯಿರಿ. ಮಳೆಗಾಲದ ತೇವದಲ್ಲಿ ಫ್ರೆಂಚ್ ಪಾಲಿಶ್ ಹೊಡೆದರೆ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ.