ಅಟ್ಟದ ಕತ್ತಿ, ಕಡಲ ಗಾಳಿ

ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ಅಡುಗೆ ಒಲೆಯ ಮೇಲೊಂದು ಅಟ್ಟ ಇತ್ತು. ವರ್ಷವಿಡೀ ಹೊಗೆ ತಿಂದು ಅದರ ಮರ ಕಪ್ಪಾಗಿತ್ತು. ಅಜ್ಜನ ಕ್ಷೌರದ ಕತ್ತಿ ಅಲ್ಲೇ ಒಂದು ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. "ತಮಾ, ಅದ್ರ ಬಾಯಿಗೆ ಕೈ ಹಾಕಡ" ಎಂದು ಅಜ್ಜ ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಅವರು ಹೋಗಿ ಮೂವತ್ತು ವರ್ಷದ ಮೇಲೆ ಡಬ್ಬಿ ತೆಗೆದರೆ, ಅಲಗಿನ ಮೇಲೆ ಒಂದಿಷ್ಟು ಕಪ್ಪು ಕಲೆ ಬಿಟ್ಟರೆ ತುಕ್ಕೇ ಇರಲಿಲ್ಲ.

ಅದನ್ನು ಕಾರವಾರಕ್ಕೆ ತಂದು ಬಚ್ಚಲುಮನೆಯ ಗೂಡಿನಲ್ಲಿಟ್ಟೆ. ಒಂದೇ ಮಳೆಗಾಲ. ಸೆಪ್ಟೆಂಬರಿನಲ್ಲಿ ನೋಡಿದರೆ ಅರ್ಧ ಅಲಗು ಕೆಂಪಾಗಿತ್ತು.

ಮೂವತ್ತು ವರ್ಷ ಕೆಡದೆ ಉಳಿದದ್ದು ನಾಲ್ಕು ತಿಂಗಳಲ್ಲಿ ಕೆಟ್ಟದ್ದು ಯಾಕೆ? ಮಳೆ ಶಿರಸಿಯಲ್ಲೂ ಸುರಿಯುತ್ತದೆ. ವ್ಯತ್ಯಾಸ ಇರುವುದು ಒಲೆಯಲ್ಲಿ ಮತ್ತು ಉಪ್ಪಿನಲ್ಲಿ.

ಮೊದಲು ಒಲೆ. ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಜಾಸ್ತಿ. 25 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವ ಇರುವ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿ. ನೀರು ಅಷ್ಟೇ ಇದ್ದರೂ ತೇವದ ಪ್ರಮಾಣ ಶೇಕಡಾ 50ರ ಹತ್ತಿರಕ್ಕೆ ಇಳಿಯುತ್ತದೆ. ಹೊರಗೆ ಆಷಾಢದ ಮಳೆ ಹುಯ್ಯುತ್ತಿದ್ದರೂ ಒಲೆ ಮೇಲಿನ ಅಟ್ಟ ಬೆಚ್ಚಗೆ ಒಣಗಿರುವುದು ಇದಕ್ಕೇ.

ಇನ್ನು ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪನ್ನು ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟವರಿಗೆ ಗೊತ್ತು, ಅದು ನೀರೊಡೆಯುತ್ತದೆ. ಶುದ್ಧ ಉಪ್ಪಾದರೆ ಗಾಳಿಯ ತೇವ ಶೇಕಡಾ 75 ದಾಟಿದಾಗ ನೀರು ಎಳೆದುಕೊಂಡು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇಕಡಾ 33 ಸಾಕು. ಕಾರವಾರದ ಗಾಳಿಯಲ್ಲಿ ತೇಲಿ ಬಂದ ಉಪ್ಪಿನ ಕಣ ಕತ್ತಿಯ ಮೇಲೆ ಕೂತರೆ, ಅಲ್ಲೊಂದು ಕಣ್ಣಿಗೆ ಕಾಣದ ಉಪ್ಪುನೀರಿನ ಹನಿ ಕೂತ ಹಾಗೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪಿನಲ್ಲಿರುವ ಕ್ಲೋರೈಡ್ ಆ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ.

ಕೆಂಪು ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಅದು ಉಬ್ಬಿ ಉದುರುತ್ತದೆ, ಕೆಳಗಿನ ಹೊಸ ಉಕ್ಕು ಮತ್ತೆ ಬೆತ್ತಲಾಗುತ್ತದೆ. ಅಜ್ಜನ ಕಾಲದ ಕಪ್ಪು ಕಲೆ ಬೇರೆ ಜಾತಿ. ಅದೂ ಕಬ್ಬಿಣದ ಆಕ್ಸೈಡೇ, ಆದರೆ ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡು ಕೂರುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಹಳೇ ಕತ್ತಿಯನ್ನು ಕನ್ನಡಿ ಹಾಗೆ ಹೊಳೆಯಿಸಬೇಕು ಎಂದು ಹೊರಟವರು ಎಷ್ಟೋ ಒಳ್ಳೆಯ ಕತ್ತಿಗಳನ್ನು ಸವೆಸಿ ಹಾಕಿದ್ದಾರೆ. ಉಳಿಸಬೇಕಾದದ್ದು ಹೊಳಪನ್ನಲ್ಲ, ಬಾಯಿಯನ್ನು, ಅಂದರೆ ಹರಿತವಾದ ಅಂಚನ್ನು.

ಹಾಗಾಗಿ ಗುಜರಿಯಲ್ಲೋ ಸಂತೆಯಲ್ಲೋ ಹಳೇ ಕತ್ತಿ ಸಿಕ್ಕರೆ ಮೊದಲು ಬಾಯಿ ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ ಸಾಕು. ಅಲಗಿನ ನಡುವೆ ತುಕ್ಕಿನ ಗುಳಿ ಇದ್ದರೆ ಚಿಂತೆಯಿಲ್ಲ. ಬಾಯಿಯ ಪಕ್ಕದಲ್ಲೇ ಇದ್ದರೆ ಬಿಟ್ಟುಬಿಡಿ. ಚೆನ್ನಾಗಿ ಮಸೆದ ಬಾಯಿಯ ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೂ ಇಲ್ಲ. ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಗುಳಿ ಅದರ ಪಾಲಿಗೆ ಬಾವಿ.

ಆಮೇಲೆ ಅಲಗು ಹಿಡಿಗೆ ಸೇರುವ ಜಾಗದ ಮುದ್ರೆ ಓದಿ. ಹಳೇ ಕತ್ತಿಗಳಿಗೆ ಹೆಸರಾದ ಊರುಗಳು ಎರಡು, ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ದೇಶದ ಹೆಸರಿರುವ ಕತ್ತಿ ಸಾಮಾನ್ಯವಾಗಿ ಅದರ ನಂತರದ್ದು. ಅಜ್ಜನದು ಸೋಲಿಂಗೆನ್, ಕೆಳಗೆ 'ಜರ್ಮನಿ' ಎಂದಿದೆ.

ಶೆಫೀಲ್ಡಿನ ಕೆಲವು ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂಬ ಮಾತು ಕಾಣುತ್ತದೆ. ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ, ಯಾಕೆಂದರೆ ಅದರ ಬೇರು ನಮ್ಮ ಕಡೆಗೇ ಬರುತ್ತದೆ. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿ ಮಾಡುತ್ತಿದ್ದ, ಇಂಗಾಲ ಹೆಚ್ಚಿದ್ದ ಉಕ್ಕನ್ನು ಯುರೋಪಿನವರು 'ವೂಟ್ಸ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಪದವೇ ಅವರ ಬಾಯಲ್ಲಿ ಹಾಗಾಯಿತು ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಲಂಡನ್ನಿನಲ್ಲಿ ಚೂರಿ, ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಮೆಚ್ಚಿಕೊಂಡಿದ್ದ. ಅವನ ಜೊತೆ ಕೂತು ಅದರ ಗುಟ್ಟು ಹುಡುಕಲು ಹೊರಟವನು ಮೈಕಲ್ ಫ್ಯಾರಡೆ, ಮುಂದೆ ವಿದ್ಯುತ್ತಿನ ಕೆಲಸದಿಂದ ಜಗತ್ತಿಗೇ ಗೊತ್ತಾದವನು. ಕಮ್ಮಾರನ ಮಗ. 1819ರಲ್ಲಿ ಅವನು ವೂಟ್ಸ್ ಬಗ್ಗೆ ಬರೆದ. 1822ರಲ್ಲಿ ಇಬ್ಬರೂ ಸೇರಿ, ಉಕ್ಕಿಗೆ 500ರಲ್ಲಿ ಒಂದು ಪಾಲು ಬೆಳ್ಳಿ ಸೇರಿಸಿದರೆ ಒಳ್ಳೆಯದಾಗುತ್ತದೆ ಎಂದು ವರದಿ ಮಾಡಿದರು. ತನ್ನ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆ ಕೊಡುತ್ತಿದ್ದ. ಆಮೇಲೆ 'ಸಿಲ್ವರ್ ಸ್ಟೀಲ್' ಎಂಬುದು ಮಾರಾಟದ ಹೆಸರೇ ಆಯಿತು. ಮುದ್ರೆ ಇದ್ದ ಮಾತ್ರಕ್ಕೆ ಒಳಗೆ ಬೆಳ್ಳಿ ಇದೆ ಅಂತಲ್ಲ.

ತುಕ್ಕು ತೆಗೆಯುವುದಕ್ಕೆ ಪಾಲಿಶ್ ಪೇಪರ್, ಎಣ್ಣೆ ಮತ್ತು ತಾಳ್ಮೆ ಸಾಕು. 800 ನಂಬರಿನಿಂದ ಶುರು ಮಾಡಿ 2000ದವರೆಗೆ ಹೋಗಿ, ನಂಬರು ಹೆಚ್ಚಿದಷ್ಟೂ ಪೇಪರ್ ನುಣುಪು. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ, ಬೆರಳು ಎಂದೂ ಬಾಯಿಗೆ ಎದುರಾಗಬಾರದು. ತುಕ್ಕು ಹೋಗಲಿ ಎಂದು ಹುಣಸೆಹಣ್ಣು, ಬಿಂಬಲಿ ರಸದಲ್ಲಿ ನೆನೆಸಿಡಬೇಡಿ. ಹಿತ್ತಾಳೆ ತಂಬಿಗೆಗೆ ಅದು ಸರಿ. ಇಲ್ಲಿ ಹುಳಿ ತುಕ್ಕಿನ ಜೊತೆ ತೆಳು ಉಕ್ಕನ್ನೂ ತಿನ್ನುತ್ತದೆ.

ಯಂತ್ರದ ಸಾಣೆಗಂತೂ ಕೊಡಲೇಬೇಡಿ. ಹಿಂದೊಮ್ಮೆ ಪರಿಚಯದವರೊಬ್ಬರ ಮಾತು ಕೇಳಿ ಬೇರೊಂದು ಕತ್ತಿಯನ್ನು ಸಾಣೆಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಬಾಯಿಯುದ್ದಕ್ಕೂ ನವಿಲುಗರಿಯ ನೀಲಿ. ನೋಡಲು ಚೆಂದ, ಆದರೆ ಕತ್ತಿ ಸತ್ತಿತ್ತು. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದಾಗ ಅದು ಗಾಜಿನಂತೆ ಗಡಸಾಗುತ್ತದೆ. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಾಯಿಸಿ ಅದರ ಪೆಡಸನ್ನು ತಗ್ಗಿಸುತ್ತಾರೆ. ನೀಲಿ ಬಣ್ಣ ಬಂತು ಅಂದರೆ ಉಕ್ಕು 300 ಡಿಗ್ರಿಯ ಹತ್ತಿರ ಹೋಗಿದೆ, ಹದ ತಪ್ಪಿದೆ ಎಂದರ್ಥ. ಅಂಥ ಬಾಯಿ ಎಷ್ಟು ಮಸೆದರೂ ನಿಲ್ಲುವುದಿಲ್ಲ.

ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್‌ನದಾಗಿದ್ದರೆ ಮೂಸಿ ನೋಡಿ. ಹಳತಾಗಿ ಕೊಳೆತ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತದೆ. ಮಡಚಿಟ್ಟ ಕತ್ತಿಯನ್ನು ಅದರ ಹಿಡಿಯೇ ತಿಂದುಹಾಕುತ್ತದೆ. ಅಂಥ ಹಿಡಿ ಬದಲಿಸಲೇಬೇಕು.

ಮಸೆಯುವ ವಿಷಯಕ್ಕೆ ಬಂದರೆ, ಅಡಿಕೆ ಸುಲಿಯುವ ಕತ್ತಿ ಮಸೆದವರ ಕೈಗೆ ಇದು ಬೇಗ ಹತ್ತುತ್ತದೆ. ಇಲ್ಲಿ ಕೋನ ಹಿಡಿಯುವ ಕಷ್ಟವೂ ಇಲ್ಲ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗಿಯೇ ಬರುತ್ತದೆ. ಅಜ್ಜನ ಕತ್ತಿಯ ಬೆನ್ನು 5 ಮಿಲಿಮೀಟರ್ ದಪ್ಪ, ಅಗಲ ಹದಿನೇಳೂವರೆ. ಲೆಕ್ಕ ಹಾಕಿದರೆ ಬಾಯಿಯ ಕೋನ 16 ಡಿಗ್ರಿ ಚಿಲ್ಲರೆ. ಮಾಡಿದವನು ಕೋನವನ್ನು ಕತ್ತಿಯೊಳಗೇ ಇಟ್ಟುಬಿಟ್ಟಿದ್ದಾನೆ, ಅಲ್ವಾ?

ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. 1000 ನಂಬರಿನ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿ. ಕಪ್ಪು ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ನನ್ನ ಕತ್ತಿಯ ತುದಿಯಲ್ಲಿ ಉಗುರಿನಷ್ಟು ಕಪ್ಪು ಹಟ ಹಿಡಿದು ಉಳಿದಿತ್ತು. ಅದು ಹೋಗಲು ಎರಡು ಸಂಜೆ ಬೇಕಾಯಿತು. ಒತ್ತಬಾರದು, ಕತ್ತಿಯ ಭಾರವೇ ಸಾಕು. ಆಮೇಲೆ 4000, 8000ದ ಕಲ್ಲು. ಕಲ್ಲಿನ ಮೇಲೆ ಬಾಯಿ ಮುಂದೆ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದೆ. ಇದನ್ನು ತಿರುವುಮುರುವು ಮಾಡಿದರೆ ಪಟ್ಟಿಯೇ ಕತ್ತರಿಸಿ ಹೋಗುತ್ತದೆ.

ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಡಸು. ಆದರೂ ಕತ್ತಿ ಮೊಂಡಾಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬಾಯಿ ಬರೀ ಸವೆಯುವುದಲ್ಲ, ಚೂರು ಹಾರುತ್ತದೆ. ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಏಕರೂಪ ಇಲ್ಲದ ಕಡೆ ಸಣ್ಣ ಚಕ್ಕೆ ಏಳುತ್ತದೆ.

ಗಡ್ಡವನ್ನು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ. ಕೂದಲಿನ ಕೆರಾಟಿನ್ ನೀರು ಕುಡಿದು ಮೆತ್ತಗಾಗುತ್ತದೆ. ಚರ್ಮ ಬಿಗಿಯಾಗಿ ಎಳೆದು, ಕತ್ತಿಯನ್ನು 30 ಡಿಗ್ರಿಯಷ್ಟು ಓರೆ ಹಿಡಿದು, ಕೂದಲು ಮಲಗಿದ ದಿಕ್ಕಿಗೇ ಎಳೆಯಿರಿ. ಮೊದಲ ವಾರ ಕೆನ್ನೆ ಮಾತ್ರ. ಗದ್ದ, ಗಂಟಲು ಆಮೇಲೆ. ಹಳೇ ಕತ್ತಿಯನ್ನು ಮೊದಲ ಸಲ ಬಳಸುವ ಮುಂಚೆ ಸ್ಪಿರಿಟ್‌ನಿಂದ ಒರೆಸಿ. ಒಬ್ಬರ ಕತ್ತಿ ಇನ್ನೊಬ್ಬರು ಬಳಸಲೇಬಾರದು, ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಅಂಥ ರೋಗಗಳಿವೆ.

ಅಜ್ಜನ ಕತ್ತಿ ಈಗ ಬಚ್ಚಲಲ್ಲಿಲ್ಲ. ಕ್ಷೌರ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರುತ್ತೇನೆ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಲಗುವ ಕೋಣೆಯ ಕಪಾಟಿಗೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆ ಪೊಟ್ಟಣ ಬಿಸಿ ಮಾಡಿ ಒಣಗಿಸುತ್ತೇನೆ. ಹಾಗೆ ಮೂರು ಮಳೆಗಾಲ ಕಳೆದಿದೆ. ಕಪ್ಪು ಕಲೆಗಳು ಅಜ್ಜ ಬಿಟ್ಟುಹೋದಲ್ಲೇ ಇವೆ, ಕೆಂಪು ಮತ್ತೆ ಬಂದಿಲ್ಲ.