ಒಂದೊಂದು ಲೆವೆಲ್‌ಗೆ ಎಷ್ಟು ಎಕ್ಸ್‌ಪಿ ಇಡಬೇಕು?

ಪ್ರಶ್ನೆ: ಗೆಳೆಯರು ಸೇರಿ ಒಂದು ಮಡ್ ಮಾಡುತ್ತಿದ್ದೇವೆ. ಚಿತ್ರವಿಲ್ಲ, ಎಲ್ಲ ಟೈಪ್ ಮಾಡಿಯೇ ಆಡುವ ಮಲ್ಟಿಪ್ಲೇಯರ್ ಆಟ. ಎಷ್ಟು ಲೆವೆಲ್ ಇರಬೇಕು, ಪ್ರತಿ ಲೆವೆಲ್‌ಗೆ ಎಷ್ಟು ಎಕ್ಸ್‌ಪಿ (ಆಡಿ ಗಳಿಸುವ ಅನುಭವದ ಪಾಯಿಂಟ್)?

ಉತ್ತರ: ಎಕ್ಸ್‌ಪಿ ಪಟ್ಟಿ ಬರೆದು ಮುಗಿಸಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಬೇಕಾದದ್ದು ಗಂಟೆಯ ಲೆಕ್ಕ.

ಸರ್ಕಲ್‌ಮಡ್ ಪಟ್ಟಿಯನ್ನೇ ನೋಡಿ. ಇದು ಮಡ್ ಮಾಡುವವರಿಗೆ ಸಿದ್ಧವಾಗಿ ಸಿಗುವ ಕೋಡ್, ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡಿಕುಮಡ್ ಎಂಬ ಆಟದ ಕೂಸು. ಇದರಲ್ಲಿ ವಾರಿಯರ್ 2ನೇ ಲೆವೆಲ್‌ಗೆ ಹೋಗಲು 2,000 ಬೇಕು. 3ಕ್ಕೆ 4,000, 4ಕ್ಕೆ 8,000. ಹೀಗೇ ಏರುತ್ತಾ 8ಕ್ಕೆ 1,25,000, 9ಕ್ಕೆ 2,50,000. ಇವೆಲ್ಲ ಶುರುವಿನಿಂದ ಕೂಡಿಸಿದ ಒಟ್ಟು ಲೆಕ್ಕ. ನೋಡಿದರೆ ತಲೆ ತಿರುಗುತ್ತದೆ, ಅಲ್ವಾ? ಆದರೆ ಶುರುವಿನಲ್ಲಿ ಸಿಗುವ ರಾಕ್ಷಸ 50 ಕೊಡುತ್ತಾನೆ ಅಂದುಕೊಳ್ಳಿ. 2ನೇ ಲೆವೆಲ್‌ಗೆ 40 ಜನರನ್ನು ಹೊಡೆಯಬೇಕು. 8ರಿಂದ 9ಕ್ಕೆ ಇನ್ನೂ ಬೇಕಾದದ್ದು 1,25,000; 8ರಲ್ಲಿ ಸಿಗುವವನು 5,000 ಕೊಟ್ಟರೆ 25 ಜನ ಸಾಕು! ದುಪ್ಪಟ್ಟಾಗುವ ಸಂಖ್ಯೆ ಬರೀ ಗತ್ತು.

ಹಾಗಾಗಿ ಹಿಂದಿನಿಂದ ಬನ್ನಿ. 10ರಿಂದ 11ಕ್ಕೆ ಮೂರು ಗಂಟೆ ಹಿಡಿಯಲಿ ಅಂತ ತೀರ್ಮಾನಿಸಿ. ನಡೆಯುವುದು, ಗಾಯ ವಾಸಿಯಾಗಲು ಕೂರುವುದು ಎಲ್ಲ ಸೇರಿ ಗಂಟೆಗೆ 20 ಬೇಟೆ, ಒಂದಕ್ಕೆ 1,000. ಅಲ್ಲಿಗೆ 60,000. ಹೀಗೆ ಬಂದ ಸಂಖ್ಯೆಯನ್ನು ಹಿಂದಿನ ಮೊತ್ತಕ್ಕೆ ಕೂಡಿಸಿ ಪಟ್ಟಿಗೆ ಹಾಕಿ.

ಇನ್ನೊಂದು ತಲೆನೋವು ಅಕ್ಷರದ ಆಟಕ್ಕೇ ಅಂಟಿಕೊಂಡದ್ದು. ಪರದೆಯಲ್ಲಿ ಬರುವುದೆಲ್ಲ ಸಾಲುಗಳು. ಟಿನ್‌ಟಿನ್‌ನಂಥ ಕ್ಲೈಂಟ್‌ನಲ್ಲಿ (ಮಡ್ ಆಡಲು ಬಳಸುವ ಪ್ರೋಗ್ರಾಂ) 'ಈ ಸಾಲು ಬಂದರೆ ಈ ಕಮಾಂಡ್ ಕಳಿಸು' ಅಂತ ಟ್ರಿಗರ್ ಹಾಕಿ ಆಟಗಾರ ಮಲಗಬಹುದು. ಬೆಳಿಗ್ಗೆ ಎದ್ದರೆ ಎರಡು ಲೆವೆಲ್ ಮೇಲೆ! ಬರೀ ಬೇಟೆಗೆ ಎಕ್ಸ್‌ಪಿ ಕೊಡುವ ಆಟಕ್ಕೆ ಇದು ತಪ್ಪದು. ಒಂದೇ ರಾಕ್ಷಸನನ್ನು ಮತ್ತೆ ಮತ್ತೆ ಹೊಡೆದರೆ ಸಿಗುವುದು ಕಡಿಮೆಯಾಗುತ್ತಾ ಹೋಗಲಿ. ಹೊಸ ಕೋಣೆಗೆ ಮೊದಲ ಸಲ ಕಾಲಿಟ್ಟರೆ, ಒಗಟು ಬಿಡಿಸಿದರೆ ಒಂದಿಷ್ಟು ಸಿಗಲಿ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮೊದಲ ಮಡ್‌ನಲ್ಲೇ ನಿಧಿ ಹುಡುಕಿ ತಂದು ಜೌಗಿನಲ್ಲಿ ಬಿಟ್ಟರೆ ಪಾಯಿಂಟ್ ಬರುತ್ತಿತ್ತು.

ಗುಂಪಿನ ಹಂಚಿಕೆ ಮರೆಯಬೇಡಿ. ಸರಿಸಮ ಪಾಲು ಕೊಟ್ಟರೆ ಹೊಸಬ ಹಳಬನ ಬೆನ್ನ ಹಿಂದೆ ಸುಮ್ನೆ ನಿಂತು ಮೇಲೇರುತ್ತಾನೆ. ಲೆವೆಲ್‌ಗೆ ತಕ್ಕಂತೆ ಪಾಲು ಹಾಕಿ. ಹಾಗಂತ ಹೊಸಬನಿಗೆ ಏನೂ ಸಿಗದಂತೆ ಮಾಡಿದರೆ ಯಾರೂ ಅವನನ್ನು ಜೊತೆಗೆ ಕರೆಯುವುದಿಲ್ಲ.

ಎಷ್ಟು ಲೆವೆಲ್ ಅನ್ನುವುದಕ್ಕೆ ನನ್ನ ಉತ್ತರ 20ರಿಂದ 30. ನೂರು ಲೆವೆಲ್ ಇಟ್ಟು, ರಾತ್ರಿ ಹತ್ತಕ್ಕೆ ಹದಿನೈದೇ ಜನ ಆಡುತ್ತಿದ್ದರೆ ಒಬ್ಬ 7ರಲ್ಲಿ, ಇನ್ನೊಬ್ಬ 63ರಲ್ಲಿ. ಜೊತೆಯಾಗಿ ಹೋಗುವುದೆಲ್ಲಿಂದ ಬಂತು?

ತುದಿ ಮುಟ್ಟಿದವರಿಗೂ ಕೆಲಸ ಬೇಕು. 1989ರ ಎಲ್‌ಪಿಮಡ್ ಇದಕ್ಕೆ ಚೆಂದದ ದಾರಿ ಹಿಡಿಯಿತು. ಅಲ್ಲಿ ಮೇಲೇರಿದ ಆಟಗಾರ ವಿಝಾರ್ಡ್ ಆಗಿ ಆಟಕ್ಕೆ ತಾನೇ ಹೊಸ ಜಾಗಗಳ ಕೋಡ್ ಬರೆಯಬಹುದಿತ್ತು.

ಆಟ ತೆರೆದ ಮೇಲೆ ಯಾರು ಯಾವ ಲೆವೆಲ್‌ನಲ್ಲಿ ಎಷ್ಟು ಗಂಟೆ ಇದ್ದರು ಅಂತ ಲಾಗ್ ಇಡಿ. ಸರಿಪಡಿಸಬೇಕೆನಿಸಿದರೆ ರಾಕ್ಷಸರು ಕೊಡುವ ಎಕ್ಸ್‌ಪಿ ಬದಲಿಸಿ. ಪಟ್ಟಿಯನ್ನೇ ಮುಟ್ಟಿದರೆ ಈಗಾಗಲೇ ಏರಿದವರ ಲೆಕ್ಕ ಕೆಡುತ್ತದೆ, ಜಗಳವೂ ಶುರುವಾಗುತ್ತದೆ.