ನಾಕಿಂಗ್ ಕೇಳಿದ ಕೂಡಲೇ ದುಬಾರಿ ಪೆಟ್ರೋಲ್ ಹಾಕಿಸಬೇಡಿ

ಹೋದ ತಿಂಗಳು ದಂಪತಿಗಳಿಬ್ಬರು ನನ್ನ ಗ್ಯಾರೇಜಿಗೆ ಹಳೇ ಓಮ್ನಿ ವ್ಯಾನ್ ತಂದರು. ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬುರೇಟರ್ ಇರುವ ಗಾಡಿ. ಹಿಂದಿನ ಸೀಟು ತೆಗೆಸಿ ಹಾಸಿಗೆ, ಸ್ಟವ್, ನೀರಿನ ಕ್ಯಾನ್‌ಗೆ ಜಾಗ ಮಾಡಿಸಿಕೊಂಡು ಊರೂರು ಸುತ್ತುತ್ತಾರೆ. ಚಾರ್ಮಾಡಿ ಘಾಟಿ ಹತ್ತುವಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಟಕಟಕ ಸದ್ದಂತೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಹಾಗಾಗಿ ಸದ್ದು ನೇರ ಕಿವಿಗೇ ಬರುತ್ತದೆ. ಯಾರೋ ಹೇಳಿದರು ಅಂತ ಲೀಟರಿಗೆ 150 ರೂಪಾಯಿಗೂ ಜಾಸ್ತಿ ಕೊಟ್ಟು 100 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತಿದ್ದರು. ಸದ್ದು ಕಡಿಮೆ ಆಗಿತ್ತು, ನಿಂತಿರಲಿಲ್ಲ.

ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ಒತ್ತಡ, ಬಿಸಿ ಮಿತಿಮೀರಿದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದೇ ನಾಕಿಂಗ್. ಬಹಳ ದಿನ ಹೀಗೇ ಓಡಿಸಿದರೆ ಪಿಸ್ಟನ್ನೇ ಒಡೆಯಬಹುದು. ಆಕ್ಟೇನ್ ಅಂದರೆ ಹಾಗೆ ಸಿಡಿಯದೆ ತಡೆದುಕೊಳ್ಳುವ ಗುಣ, ಅಷ್ಟೇ. ಅದು ಪವರ್ ಅಲ್ಲ. ಹೊಸ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ, ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ತಾನೇ ಸ್ವಲ್ಪ ತಡಮಾಡುತ್ತದೆ. ಹಳೇ ಗಾಡಿಗೆ ಆ ಕೆಲಸ ನಾವೇ ಮಾಡಬೇಕು.

ನಾನು ಮೊದಲು ಕೇಳಿದ್ದು ಒಂದೇ. ‘ಇದಕ್ಕೆ ಗ್ಯಾಸ್ ಕಿಟ್ ಇತ್ತಾ?’ ಇತ್ತು. ಹಾಸಿಗೆಗೆ ಜಾಗ ಬೇಕು ಅಂತ ತೆಗೆಸಿದ್ದರು. ಎಲ್‌ಪಿಜಿಯ ಆಕ್ಟೇನ್ 100ಕ್ಕೂ ಮೇಲೆ, ಹಾಗಾಗಿ ಕಿಟ್ ಹಾಕುವಾಗ ಕಿಡಿಯನ್ನು ಮುಂಚಿತ ಮಾಡಿಡುತ್ತಾರೆ. ಕಿಟ್ ಹೋಯಿತು, ಟೈಮಿಂಗ್ ಹಾಗೇ ಉಳಿಯಿತು. ಪೆಟ್ರೋಲಿಗೆ ಅಷ್ಟು ಮುಂಚೆ ಕಿಡಿ ಬಿದ್ದರೆ ನಾಕಿಂಗ್ ಬರುತ್ತದೆ. ಕಿಡಿಯ ಹೊತ್ತು ನೋಡುವ ಟೈಮಿಂಗ್ ಲೈಟ್ ಹಿಡಿದರೆ ಎಂಜಿನ್ ಮೇಲಿನ ಗುರುತು ಇರಬೇಕಾದ ಜಾಗದಲ್ಲಿ ಇರಲೇ ಇಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಲೈಟ್ ಹಿಡಿದು, ಗುರುತು ಕೂತ ಮೇಲೆ ಬಿಗಿ ಮಾಡಿದೆ. ಕಾರ್ಬುರೇಟರ್ ಬುಡದಲ್ಲಿ ಒಂದು ವ್ಯಾಕ್ಯೂಮ್ ಪೈಪ್ ಕೂಡ ಸೀಳಿತ್ತು. ಅಲ್ಲಿಂದ ಸುಮ್ನೆ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತಿತ್ತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅದರಿಂದಲೂ ನಾಕಿಂಗ್ ಹೆಚ್ಚುತ್ತದೆ. ಮಾಮೂಲಿ ಪೆಟ್ರೋಲ್ ಹಾಕಿ, ಮೂರು ಜನ ಕೂತು ಏರು ಹತ್ತಿಸಿದೆವು. ಸದ್ದಿಲ್ಲ.

ಆ ಎಂಜಿನ್ನಿನ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, 9:1 ಕೂಡ ಇಲ್ಲ. ಅದಕ್ಕೆ 91 ಆಕ್ಟೇನ್ ಸಾಕು. ಶೇ. 20 ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲೇ 95. ನಿಜವಾದ ತೊಂದರೆ ಇ20ಯ ಆಕ್ಟೇನ್ ಅಲ್ಲ, ಎಥನಾಲ್. ಪೂರ್ತಿ ಉರಿಯಲು ಶುದ್ಧ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಕಾರ್ಬುರೇಟರ್‌ಗೆ ಅದು ಹೇಗೆ ಗೊತ್ತಾಗಬೇಕು? ಹಳೇ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಮಿಶ್ರಣ ಇನ್ನೂ ತೆಳುವಾಗುತ್ತದೆ. ಹಳೇ ರಬ್ಬರ್ ಪೈಪು, ಡಯಾಫ್ರಂಗಳೂ ಹಾಳಾಗುತ್ತವೆ. ಪ್ರೀಮಿಯಂ ಪೆಟ್ರೋಲಿಗೆ ಸುರಿಯುವ ದುಡ್ಡಲ್ಲಿ ಅವನ್ನು ಬದಲಾಯಿಸಿ.

ಅಮೆರಿಕದಲ್ಲಿರುವ ನಮ್ಮವರೊಬ್ಬರು 1970ರ ಸುಮಾರಿನ ಫೋಕ್ಸ್‌ವ್ಯಾಗನ್ ಬಸ್ ಇಟ್ಟುಕೊಂಡಿದ್ದಾರೆ. 1600 ಸಿಸಿ ಎಂಜಿನ್ನಿನದು. ಹಳೇ ಕೈಪಿಡಿಯಲ್ಲಿ 91 ಅಂತಿದೆ ಎಂದು ಅಲ್ಲಿಯ ಬಂಕಿನಲ್ಲಿ 91ರ ಪ್ರೀಮಿಯಂ ಹಾಕಿಸುತ್ತಿದ್ದರು. ಕೈಪಿಡಿಯ ಅಂಕಿ ಆರ್‌ಒಎನ್. ಅಮೆರಿಕದ ಬಂಕಿನ ಮೇಲೆ ಬರೆಯುವುದು ಆರ್‌ಒಎನ್, ಎಂಒಎನ್ ಎರಡರ ಸರಾಸರಿ. ಇವು ಆಕ್ಟೇನ್ ಅಳೆಯುವ ಎರಡು ವಿಧಾನ, ನಮ್ಮಲ್ಲಿ ಬಳಸುವುದು ಮೊದಲನೆಯದು. ಅಲ್ಲಿನ 87 ಅಂದರೆ ನಮ್ಮ 91ರ ಹತ್ತಿರ. ಅಂದರೆ ರೆಗ್ಯುಲರ್ ಸಾಕು. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಅದು, ಫ್ಯಾನ್ ಬೆಲ್ಟ್ ಮತ್ತು ತಗಡಿನ ಮುಚ್ಚಳಗಳು ಸರಿಯಾಗಿರುವುದು ಬಹಳ ಮುಖ್ಯ.

ಹೆಚ್ಚು ಆಕ್ಟೇನ್ ಯಾವಾಗಲೂ ದಂಡ ಅಂತ ನಾನು ಹೇಳುವುದಿಲ್ಲ. ಒಳಗೆ ಕಾರ್ಬನ್ ಕಟ್ಟಿದ ಎಂಜಿನ್‌ಗೆ, ಹೆಡ್ ಬಿಚ್ಚಿ ಕ್ಲೀನ್ ಮಾಡಿಸುವವರೆಗೆ ಹಾಕಬಹುದು.

ಘಾಟಿಯಲ್ಲಿ ಸದ್ದು ಬಂದರೆ ಆಕ್ಸಿಲರೇಟರ್ ಸ್ವಲ್ಪ ಬಿಡಿ, ಒಂದು ಗೇರ್ ಇಳಿಸಿ. ತುಂಬಿದ ವ್ಯಾನನ್ನು ಟಾಪ್ ಗೇರಿನಲ್ಲಿ ಏರು ಎಳೆಸುವಷ್ಟು ನಾಕಿಂಗ್ ತರುವುದು ಇನ್ನೊಂದಿಲ್ಲ. ಆಮೇಲೆ ಮೆಕ್ಯಾನಿಕ್ ಹತ್ತಿರ ಹೋದಾಗ, ಹಿಂದೆ ಗ್ಯಾಸ್ ಕಿಟ್ ಇದ್ದ ಗಾಡಿಯಾದರೆ ಅದನ್ನು ಮೊದಲೇ ಹೇಳಿ.